ರೈಲಿನ ಕೂಗಿನ ಮೇಲೆ ಸಮುದ್ರ

ಅಕ್ಟೋಬರ್ 4, ಬೆಳಿಗ್ಗೆ

ಎದೆನೋವು. ಎಡಗಡೆ. ಉಸಿರೆಳೆದರೆ ಚುಚ್ಚುತ್ತದೆ. ಮಂಚದಿಂದಲೇ ಕೂಗಿದೆ — "ಪರಮೇಶ್ವರೀ, ನಾನು ಹೊರಟೆ ಮಾರಾಯ್ತಿ!"

ಹೆಂಡತಿ ಅಡುಗೆಮನೆಯಿಂದ ಕದಲಲಿಲ್ಲ. "ಹೊರಡುವ ಮೊದಲು ಗ್ಯಾಸ್ ಸಿಲಿಂಡರ್ ಬದಲಿಸಿ ಕೊಡಿ. ನನಗೆ ಆ ರೆಗ್ಯುಲೇಟರ್ ಕೂರುವುದಿಲ್ಲ."

ಸರಿ, ಒಪ್ಪಿದೆ. ನೋವು ನಿಜ, ಹೃದಯ ಸುಳ್ಳು. ಅಂಗಿ ಕಿಸೆಯಲ್ಲಿ ಗೆಳೆಯ ಪೊಕ್ಕರ್‌ನ ಕ್ಯಾಸೆಟ್. ಅದರ ಮೇಲೆಯೇ ಬೋರಲು ಮಲಗಿದ್ದೆ. ಕೂಗುವ ಮೊದಲೇ ಗೊತ್ತಾಗಿತ್ತು. ಆದರೂ ಕೂಗಿದೆ. ಅಭ್ಯಾಸ.

ಕ್ಯಾಸೆಟ್ಟಿಗೆ ಏನೂ ಆಗಿಲ್ಲ. ಪುಣ್ಯ. ಬ್ಲೂ ಲ್ಯಾಂಟರ್ನ್ಸ್ ಬ್ಯಾಂಡು, ಕಾಸರಗೋಡು, 1982. ಲೋಕದಲ್ಲಿ ಇದೊಂದೇ.

ಅಕ್ಟೋಬರ್ 6

ಹಳೆ ಡೆಕ್ ಕೆಳಗಿಳಿಸಿ, ಹೆಡ್ ಒರೆಸಿ, ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಏರಿಸಿದೆ. ಕಿವಿಗೆ ಹೆಡ್‌ಫೋನ್.

ಎಲ್ಲ ಎದ್ದು ಬಂತು. ರೈಲ್ವೆ ಹಳಿ ಪಕ್ಕದ ಮೈದಾನ. ಬೊಂಬಾಯಿಯ ರಾಕ್ ಬ್ಯಾಂಡು, ಉದ್ದ ಕೂದಲಿನ ಐದು ಜನ. ಮೈಕ್ ಸೆಟ್ ನನ್ನದು. ಹಿಂದಿನ ದಿನ ಮದುವೆ ಮನೆಗೆ ಹೋಗಿದ್ದ ಅದೇ ಹಾರ್ನು, ಅದೇ ಆಂಪ್ಲಿಫೈಯರು. ದುಬೈಯಿಂದ ರಜೆಯಲ್ಲಿ ಬಂದಿದ್ದ ಪೊಕ್ಕರ್ ಮುಂದಿನ ಸಾಲಿನಲ್ಲಿ, ಹೊಸ ಟೇಪ್‌ರೆಕಾರ್ಡರನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು.

ಮೂರನೇ ಹಾಡಿನ ನಡುವೆ ರೈಲು ಕೂಗಿತು. ಉದ್ದಕ್ಕೆ. ಜನ ನಕ್ಕರು. ಗಿಟಾರಿನವ ನಗಲಿಲ್ಲ. ಬೇರೆಯವರಿಗೆಲ್ಲ ಕೈ ತೋರಿಸಿ ನಿಲ್ಲಿಸಿದ. ರೈಲಿನ ಸ್ವರವನ್ನೇ ತಂತಿಯಲ್ಲಿ ಹಿಡಿದ. ಅಲ್ಲಿಂದ ಹೊರಟ... ರೈಲು ಮಂಜೇಶ್ವರ ದಾಟಿದರೂ ಅವನು ನಿಲ್ಲಿಸಿರಲಿಕ್ಕಿಲ್ಲ.

ರಾಕ್ ಅಂದರೆ ಕಲ್ಲು ಅಂತ ತಮಾಷೆ ಮಾಡುತ್ತೇನೆ ಯಾವಾಗಲೂ. ನಮ್ಮೂರಿನ ಮುರಕಲ್ಲು. ಇವತ್ತು ತಮಾಷೆ ಬರಲಿಲ್ಲ. ಕಣ್ಣಲ್ಲಿ ನೀರು ಬಂತು.

ಕ್ಯಾಸೆಟ್ ವಾಪಸ್ ಕೊಟ್ಟು ಬಂದೆ.

ಅಕ್ಟೋಬರ್ 8

ವಾಟ್ಸಾಪ್ ಗುಂಪಿನಲ್ಲಿ ಗಲಾಟೆ. ಲ್ಯಾಂಟರ್ನ್ಸ್ ಫ್ಯಾನುಗಳದ್ದು — ಕೆಲವರು ಸೀಲಿಂಗ್, ಕೆಲವರು ಟೇಬಲ್, ಅಡ್ಮಿನ್ ಗೌರೀಶಂಕರ ಎಕ್ಸಾಸ್ಟ್. ಮಂಗಳೂರಿನವ, ಬ್ಯಾಂಕ್ ಮೆನೇಜರ್ ಆಗಿದ್ದವ, ಈಗಲೂ ಎಲ್ಲರ ಸಹಿ ತಾಳೆ ನೋಡುತ್ತಾನೆ.

ಆ ಟೂರಿನ ಟೇಪುಗಳನ್ನು ಹೋಲಿಸುವುದೇ ಇವರ ಕೆಲಸ. ಯಾವ ಟೇಪು ಯಾವ ಊರಿನದ್ದು ಅಂತ ಹಾಡಿನಿಂದ ಗೊತ್ತಾಗುವುದಿಲ್ಲ, ಎಲ್ಲ ಕಡೆ ಅದೇ ಹಾಡು. ಹೊರಗಿನ ಸದ್ದು ಹೇಳಬೇಕು. ತಗಡಿನ ಮೇಲೆ ಮಳೆ ಬಿದ್ದರೆ ಮಂಗಳೂರು. ಕಣ್ಣೂರಿನಲ್ಲಿ ಒಂದು ಮಗು ಅಳುತ್ತದೆ. ಕಲ್ಲಿಕೋಟೆಯದ್ದು ಬೀಚಿನಲ್ಲಿ, ತೆರೆ ಕೇಳುತ್ತದೆ. ಕಾಸರಗೋಡಿನದ್ದು ಯಾರೂ ಕೇಳಿಲ್ಲ.

ಪೊಕ್ಕರ್ ವಾಯ್ಸ್ ಮೆಸೇಜ್ ಹಾಕಿದ್ದಾನೆ: "ರೈಲಿಗೆ ಜವಾಬು ಕೊಟ್ಟ ಗಿಟಾರ್ ನಿಮ್ಮತ್ರ ಯಾರತ್ರ ಆದ್ರೂ ಉಂಟಾ? ನನ್ನತ್ರ ಉಂಟು. ಭುಜಂಗ ನಾಳೆ ಹಾಕ್ತಾನೆ. ಕೇಳಿ ಮತ್ತೆ ಮಾತಾಡಿ." ಭುಜಂಗ ಅಂದರೆ ನಾನು.

ಮುಂದಿನ ತಿಂಗಳು ಮಂಗಳೂರಿನಲ್ಲಿ ಎಲ್ಲ ಸೇರುವುದಂತೆ. ಪೊಕ್ಕರ್ ಮುಖ್ಯ ಅತಿಥಿ. ಅವನಿಗೆ ಶಾಲು.

ಮೈಕ್ ಯಾರದ್ದು ಅಂತ ಒಬ್ಬನೂ ಕೇಳಲಿಲ್ಲ.

ಅಕ್ಟೋಬರ್ 9, ಸಂಜೆ

ಕೊಯಿಪಾಡಿ ಕಡಲ ಬದಿಗೆ ಹೋಗಿ ಫೋನಿನಲ್ಲಿ ತೆರೆ ಸದ್ದು ಹಿಡಿದು ತಂದೆ. ಪೊಕ್ಕರ್‌ನ ರೈಲಿನ ಮೇಲೆ ಸಮುದ್ರ ಸುರಿದೆ. ಕೂಗು ಪೂರ್ತಿ ಮುಳುಗಿತು. ಮೊದಲಿಂದ ಕೊನೆವರೆಗೆ ತೆಳುವಾಗಿ ತೆರೆ. ಕಾಸರಗೋಡು ಕಲ್ಲಿಕೋಟೆಯಾಯಿತು. ಕೆಲಸ ಎಷ್ಟು ಚಂದ ಬಂದಿದೆ ಅಂದರೆ ನಾನೇ ಬೆನ್ನು ತಟ್ಟಿಕೊಂಡೆ.

ಗುಂಪಿಗೆ ಹಾಕಿದೆ. ನಾಳೆ ಪೊಕ್ಕರ್ ಬರುತ್ತಾನೆ, ಬಯ್ಯುತ್ತಾನೆ, ಚಹಾ ಕುಡಿದು ನಗುತ್ತೇವೆ. ಅಷ್ಟೇ ಲೆಕ್ಕ.

ಅಕ್ಟೋಬರ್ 10

ಪೊಕ್ಕರ್ ಬರಲಿಲ್ಲ.

ಗುಂಪಿನಲ್ಲಿ ಗೌರೀಶಂಕರನ ತೀರ್ಪು: "ಸ್ಪಷ್ಟವಾಗಿ ಸಮುದ್ರ. ಇದು ಕಲ್ಲಿಕೋಟೆ. ರೈಲು ಎಲ್ಲಿಯೂ ಇಲ್ಲ."

ಪೊಕ್ಕರ್: "ನಾನೇ ಅಲ್ಲವಾ ಅಲ್ಲಿ ಕೂತದ್ದು? ನನ್ನ ಕೈಯಲ್ಲೇ ರೆಕಾರ್ಡ್ ಆದದ್ದು."

ಗೌರೀಶಂಕರ: "ಪೊಕ್ಕರ್ ಸಾಹೇಬ್ರೇ, ವಯಸ್ಸಾಗುವಾಗ ಊರುಗಳು ಕಲಸಿಹೋಗ್ತವೆ."

ಯಾರೋ ನಗುವ ಚಿತ್ರ ಹಾಕಿದರು. ಇನ್ನೊಬ್ಬ — ಬೇರೆಯವರ ಟೇಪಿಗೆ ತನ್ನ ಹೆಸರು ಅಂಟಿಸುವವರು ಹಿಂದೆಯೂ ಇದ್ದರು ಅಂತ ಬರೆದ.

ಆಗಲೇ ಹೇಳಬೇಕಿತ್ತು. ಬೆರಳು ಹೋಯಿತು ಕೂಡ. ಇನ್ನು ಸ್ವಲ್ಪ ಬೇಯಲಿ ಅಂತ ಬಿಟ್ಟೆ.

ಪೊಕ್ಕರ್ ಲೆಫ್ಟ್.

ಅಕ್ಟೋಬರ್ 19

ಫೋನ್ ಎತ್ತುವುದಿಲ್ಲ. ಕುಂಬಳೆ ಪೇಟೆಯ ಅವನ ಫ್ಯಾನ್ಸಿ ಅಂಗಡಿಗೆ ಬಾಗಿಲು ಹಾಕಿದೆ. ಮನೆಗೇ ಹೋದೆ. ಹೆಂಡತಿ ಆಯಿಶುಮ್ಮ ಜಗಲಿಗೆ ಬಂದರು.

"ಮಲಗಿದ್ದಾರೆ ಭುಜಂಗಣ್ಣ. ಯಾರ ಹತ್ರವೂ ಮಾತಿಲ್ಲ."

"ಹುಷಾರಿಲ್ವಾ?"

"ಹುಷಾರಿಗೆ ಎಂತ ಆಗ್ಲಿಲ್ಲ. ಗುಂಪಿನವರಿಗೆಲ್ಲ ರೈಲು ಕೇಳಿಸ್ತೇನೆ ಅಂತ ಅಟ್ಟದಿಂದ ಆ ಹಳೆ ಟೇಪ್‌ರೆಕಾರ್ಡರ್ ತೆಗೆದ್ರು. ಹಾಕುದು, ತಿರುಗಿಸುದು, ಪುನಃ ಹಾಕುದು. ಅದು ಕ್ಯಾಸೆಟ್ಟನ್ನು ತಿಂದೇ ಬಿಟ್ಟಿತು."

ಒಳಗಿಂದ ಒಂದು ಸ್ಟೀಲ್ ತಟ್ಟೆ ತಂದರು. ತಟ್ಟೆ ತುಂಬ ಕಂದು ಟೇಪು, ಶ್ಯಾವಿಗೆಯ ಹಾಗೆ. ತುಂಡಾದದ್ದನ್ನು ಅಂಟಿಸಬಹುದು, ಎಷ್ಟೋ ಅಂಟಿಸಿದ್ದೇನೆ. ಇದು ಜಜ್ಜಿಹೋಗಿದೆ. ಅದೂ ಮೂರನೇ ಹಾಡಿನ ಜಾಗದಲ್ಲೇ. ಮತ್ತೆಮತ್ತೆ ಹಾಕಿದ್ದು ಅಲ್ಲೇ ಅಲ್ಲವಾ.

ಆಯಿಶುಮ್ಮ ಚಹಾ ಕೊಟ್ಟರು. ಕುಡಿಯಲಿಕ್ಕಾಗಲಿಲ್ಲ. "ಸಕ್ಕರೆ ಕಮ್ಮಿಯಾ?" ಕೇಳಿದರು.

ಅಕ್ಟೋಬರ್ 20

ಗುಂಪಿಗೆ ಬರೆದೆ. ನೇರ. ತೆರೆ ಬೆರೆಸಿದ್ದು ನಾನು, ಪೊಕ್ಕರ್ ಹೇಳಿದ್ದು ಸತ್ಯ, ಅವನ ಕ್ಷಮೆ ಕೇಳಿ.

ನಗುವ ಚಿತ್ರಗಳ ಸಾಲು. "ಭುಜಂಗಣ್ಣ ಶುರು ಮಾಡಿದ್ರು!" "ಗೆಳೆಯನಿಗಾಗಿ ಪಾಪ ಸುಳ್ಳು ತಪ್ಪೊಪ್ಪಿಗೆ." ಗೌರೀಶಂಕರ: "ಹೋದ ವರ್ಷ ಬ್ಯಾಂಡಿನ ಡ್ರಮ್ಮರ್ ಕುಂಬಳೆಯಲ್ಲಿ ಇಳಿದಿದ್ದಾನೆ ಅಂತ ನಮ್ಮನ್ನು ಸ್ಟೇಷನ್ನಿಗೆ ಓಡಿಸಿದವರು ನೀವೇ ಅಲ್ವಾ?"

ಹೌದು. ನಾನೇ. ಗುಲಾಬಿ ಹಿಡಿದುಕೊಂಡು ಬಂದಿದ್ದರು, ಪಾಪ.

ಅಕ್ಟೋಬರ್ 27, ಸಂಜೆ

ಪೊಕ್ಕರ್ ತಾನಾಗಿ ಬಂದ. ಇಳಿದುಹೋಗಿದ್ದಾನೆ. ಜಗಲಿಯಲ್ಲಿ ಕೂತು, ಮೊದಲ ಮಾತೇ: "ಆ ಸಮುದ್ರ ಕೆಮ್ಮುತ್ತದೆ."

"ಎಂತ?"

"ಎರಡನೇ ಹಾಡು ಮುಗಿಯುವಾಗ. ತೆರೆಯ ಒಳಗಿಂದ ಖೊಕ್, ಖೊಕ್. ಐವತ್ತು ವರ್ಷದಿಂದ ನನ್ನ ಪಕ್ಕದಲ್ಲಿ ಕೆಮ್ಮುವವ ನೀನು. ನಿನ್ನ ಕೆಮ್ಮು ನನಗೆ ಗೊತ್ತಾಗುದಿಲ್ವಾ ಮಾರಾಯ?"

"ಯಾವಾಗ ಗೊತ್ತಾಯಿತು?"

"ಹಾಕಿದ ದಿನವೇ."

"ಮತ್ತೆ ಅವರಿಗೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತಿ ಅಂತ ಕಾದೆ." ಅಂಗಳದ ಕಡೆ ನೋಡಿದ. "ಕಡೆಗೆ ಹೇಳಿದಿಯಂತೆ. ಅಷ್ಟು ದಿನ ಬೇಕಾಯಿತಾ ಭುಜಂಗ?"

ಅವನ ಕೈ ಹಿಡಿಯಲು ಹೋದೆ. ಬಿಡಿಸಿಕೊಳ್ಳಲಿಲ್ಲ. ಅದು ಇನ್ನೂ ಕಷ್ಟ.

ಮತ್ತೆ ಸ್ವಲ್ಪ ನಕ್ಕ. "ಹೋಗ್ಲಿ. ಕ್ಯಾಸೆಟ್ ಹೋಯಿತು, ನಿನ್ನ ಕಂಪ್ಯೂಟರಲ್ಲಿ ಒರಿಜಿನಲ್ ಉಂಟಲ್ಲ. ಮಂಗಳೂರಿಗೆ ನಾನೂ ಬರ್ತೇನೆ. ಅಲ್ಲಿ ಎಲ್ಲರ ಎದುರು ಹಾಕು. ನಾನು ಬಾಯಿ ಬಿಡುದಿಲ್ಲ. ರೈಲೇ ಮಾತಾಡ್ಲಿ."

"ಒರಿಜಿನಲ್ ಇಲ್ಲ ಪೊಕ್ಕರ್."

ಜೋರಾಗಿ ನಕ್ಕ. ಎಷ್ಟೋ ದಿನದ ನಗು. ತೊಡೆಗೆ ಬಡಿದ. "ನೀನು ಬದಲಾಗುದಿಲ್ಲ! ಕೊನೆ ಗಳಿಗೆವರೆಗೆ ನಾಟಕ!"

ಅಷ್ಟು ಖುಷಿಯಲ್ಲಿದ್ದವನಿಗೆ ಎರಡನೇ ಸಲ ಹೇಳಲಿಲ್ಲ. ನಾನೂ ನಕ್ಕೆ.

ನವೆಂಬರ್ 3, ಬೆಳಿಗ್ಗೆ

ಮಂಗಳೂರಿಗೆ ಹೊರಡುವ ದಿನ. ಕಿಸೆಯಲ್ಲಿ ಪೆನ್‌ಡ್ರೈವ್. ಒಳಗೆ ಅದೇ, ಸಮುದ್ರ.

ಇಷ್ಟು ದಿನ ಎಲ್ಲ ಮಾಡಿ ನೋಡಿದೆ. ತೆರೆಯನ್ನು ಸೋಸಿ ತೆಗೆಯಲು ಕೂತೆ. ಬೆರೆಸಿದ್ದು ಬೇರೆಯಾಗುವುದಿಲ್ಲ. ಸಮುದ್ರ ತೆಗೆದರೆ ಅದರ ಜೊತೆಗೆ ರೈಲೂ ಹೋಗುತ್ತದೆ. ಗಿಟಾರ್ ಮಾತ್ರ ಉಳಿಯುತ್ತದೆ. ಯಾರೂ ಕರೆಯದೆ ಓಗೊಟ್ಟವನ ಹಾಗೆ ಕೇಳುತ್ತದೆ.

ಬೇರೆ ರೈಲಿನ ಕೂಗು ತಂದು ಅಂಟಿಸೋಣ ಅಂತಲೂ ನಿನ್ನೆ ಕುಂಬಳೆ ಸ್ಟೇಷನ್ನಿಗೆ ಹೋಗಿದ್ದೆ. ಫೋನ್ ಎತ್ತಿ ಹಿಡಿದೆ. ರೈಲು ಬಂತು, ಕೂಗಿತು. ರೆಕಾರ್ಡ್ ಒತ್ತಲಿಲ್ಲ. ಪೊಕ್ಕರ್‌ಗೆ ನನ್ನ ಕೆಮ್ಮೇ ಗೊತ್ತಾಗುತ್ತದೆ, ಆ ರೈಲು ಗೊತ್ತಾಗದಾ.

ಗೇಟಿನ ಸದ್ದು. ಪೊಕ್ಕರ್ ಬಂದ. ಬಿಳಿ ಅಂಗಿ, ಗರಿಗರಿ. ಪರಮೇಶ್ವರಿಯ ಹತ್ತಿರ ನೀರು ಕೇಳುತ್ತಿದ್ದಾನೆ. "ನಿಮ್ಮವರು ಹೊರಟ್ರಾ? ಇವತ್ತು ಅವರದ್ದೇ ದಿನ ಅಕ್ಕ, ಮೈಕ್ ಸೆಟ್ ಯಾರದ್ದು ಅಂತ ನಾನು ಎಲ್ಲರ ಎದುರು ಹೇಳ್ತೇನೆ."

ಅವನು ನೀರು ಕುಡಿದು ಮುಗಿಸುವುದರೊಳಗೆ ಬರೆದುಬಿಡುತ್ತೇನೆ. ಒರಿಜಿನಲ್ ಹಾಳಾದದ್ದಲ್ಲ, ಕಳೆದುಹೋದದ್ದೂ ಅಲ್ಲ. ಸಮುದ್ರ ಸುರಿದ ಸಂಜೆಯೇ, ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡಬಾರದು, ತಮಾಷೆ ಪೂರ್ತಿಯಾಗಲಿ ಅಂತ, ಅಳಿಸಿದೆ. ಕಂಪ್ಯೂಟರ್ ಕೇಳಿತು — ಖಂಡಿತವಾ? ಲೋಕದಲ್ಲಿ ನನ್ನ ಮಾತು ನಿಜವಾ ಅಂತ ಕೇಳಿದ್ದು ಅದೊಂದೇ. ಹೌದು ಅಂತ ಒತ್ತಿದೆ. ನಾನೇ, ನನ್ನ ಬೆರಳಿನಿಂದಲೇ —