ಚಾವಣಿಗೆ ನೇತುಬಿದ್ದವನು

ಪ್ರೀತಿಯ ಅಣ್ಣನಿಗೆ,

ಮನೆಯಲ್ಲಿ ಎಲ್ಲರೂ ಆರಾಮವಾಗಿದ್ದೇವೆ, ಟಿ.ವಿ.ಯೊಂದನ್ನು ಬಿಟ್ಟು.

ಪ್ರತಿ ಡಿಸೆಂಬರಿನಲ್ಲಿ ನೋಡುವ ಆ ಕ್ರಿಸ್‌ಮಸ್ ಸಿನಿಮಾವನ್ನು ಭಾನುವಾರ ಮಧ್ಯಾಹ್ನ ಹಾಕಿದೆವು. ದೀಪದ ಸರ ಕಟ್ಟಲು ಹೋದ ಮನೆ ಯಜಮಾನ ಏಣಿ ಜಾರಿ, ಚಾವಣಿಗೆ ತಲೆಕೆಳಗಾಗಿ ನೇತುಬೀಳುತ್ತಾನಲ್ಲ, ಅವನು ಏಣಿಗೆ ಕಾಲಿಡುವ ಮೊದಲೇ ನೀನು ನಗುತ್ತಿದ್ದೆ. ಗಡಿಯಾರ ರಿಪೇರಿ ಮಾಡುವ ಅಪ್ಪನಿಗೆ ಹೊತ್ತಿಗೆ ಮುಂಚಿನ ನಗು ಆಗಿಬರುತ್ತಿರಲಿಲ್ಲ. ಹೋದ ವರ್ಷ, "ನೋಡೋಕೆ ಬಿಡದಿದ್ರೆ ಎದ್ದು ಹೋಗು" ಎಂದರು. ನೀನು ನಿಜವಾಗಿಯೂ ಎದ್ದು ಹೋದೆ, ಮನೆಯನ್ನೇ ಬಿಟ್ಟು. ಹಟದಲ್ಲಿ ಇಬ್ಬರೂ ಒಂದೇ.

ಈ ಸಲವೂ ಅವನು ಏಣಿ ಹತ್ತಿದ, ಜಾರಿದ, ನೇತುಬಿದ್ದ. ಯಾರೂ ನಗಲಿಲ್ಲ. ಅಮ್ಮ ಸುಮ್ಮನೆ ಕನ್ನಡಕ ಒರೆಸಿಕೊಂಡಳು. ನಾವು ಇಷ್ಟು ವರ್ಷ ನಕ್ಕಿದ್ದು ನಿನ್ನನ್ನೂ, ಸಿಡುಕುವ ಅಪ್ಪನನ್ನೂ ನೋಡಿ ಎಂದು ಆಗ ಗೊತ್ತಾಯಿತು. ಅಪ್ಪ ಸಿನಿಮಾವನ್ನು ಅಲ್ಲೇ ನಿಲ್ಲಿಸಿದರು. "ಮೊದ್ಲು ನಗೋನೇ ಇಲ್ದೆ ಇದೆಂಥ ಸಿನಿಮಾ" ಎಂದು ರಿಮೋಟನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೊರಟರು.

ಇಂದು ಬುಧವಾರ. ಟಿ.ವಿ. ಆರಿಸಲೂ ಬಿಡುತ್ತಿಲ್ಲ. ಅಮ್ಮನ ಧಾರಾವಾಹಿ ಮೂರು ದಿನದಿಂದ ತಪ್ಪಿಹೋಗಿದೆ. "ಮುಂದೆ ಓಡ್ಸಿ ಅಪ್ಪಾ" ಎಂದು ನಾನು ಕೇಳಿದರೆ, "ಬರೋರು ಬರ್ಲಿ" ಎನ್ನುತ್ತಾರೆ. ಯಾರು ಎಂದು ಮಾತ್ರ ಬಾಯಿಬಿಡುವುದಿಲ್ಲ.

ಬರುವಾಗ ರಿಮೋಟಿಗೆ ಎರಡು ಸೆಲ್ ತಾ. ತಪ್ಪಾಯಿತು ಎನ್ನುವುದೆಲ್ಲ ಬೇಡ, ಎಂದಿನಂತೆ ಮೊದಲೇ ನಕ್ಕುಬಿಡು. ಪಾಪ, ಆ ಮನುಷ್ಯ ಮೂರು ದಿನದಿಂದ ನಮ್ಮ ಹಾಲಿನಲ್ಲಿ ನೇತಾಡುತ್ತಿದ್ದಾನೆ. ಬೇಗ ಬಂದು ಇಳಿಸು.

ನಿನ್ನ ತಂಗಿ, ನೀನು ಕರೆಯುವ ಹಾಗೆ,
ಗಿರಗಟ್ಲೆ