ಹೇಳದೆ ಬಿಟ್ಟ ಮೆಟ್ಟಿಲು

ನವೆಂಬರ್ ೯, ಮಂಗಳವಾರ.

ಇವತ್ತು ತಮ್ಮನನ್ನು ಬೀಳಿಸಿದೆ. ಅವನಿಗೆ ಇನ್ನು ದೃಷ್ಟಿ ಬರುವುದಿಲ್ಲ ಎಂದು ಕಣ್ಣಿನ ಡಾಕ್ಟರು ಆಗಷ್ಟೇ ಹೇಳಿದ್ದರು. ಅವನು ನನ್ನ ಮೊಣಕೈ ಹಿಡಿದು ಆಸ್ಪತ್ರೆಯ ಮೆಟ್ಟಿಲಿಳಿಯುತ್ತಿದ್ದ. ನಾನು ಮನಸ್ಸಿನಲ್ಲೇ ದೇವರ ಜೊತೆ ಜಗಳಕ್ಕೆ ನಿಂತಿದ್ದೆ. ಕೊನೆಯ ಮೆಟ್ಟಿಲನ್ನು ಹೇಳಲೇ ಇಲ್ಲ.

ಮಂಡಿ ತರಚಿತು. "ಅಕ್ಕಾ, ಮೆಟ್ಟಿಲಿದೆ ಅಂತ ಹೇಳೋಕೂ ಜಿಪುಣತನಾನಾ?" ಎಂದು ನಕ್ಕ. ಪ್ಯಾಂಟು ಕೊಡವಿಕೊಂಡು ಎದ್ದ, ಗಾಳಿಯಲ್ಲಿ ತಡಕಾಡಿ ಮತ್ತೆ ಅದೇ ಮೊಣಕೈ ಹಿಡಿದ.

"ಇನ್ನೂ ನನ್ನನ್ನ ನಂಬ್ತೀಯೇನೋ?"

"ಇನ್ಯಾರಿದ್ದಾರೆ ಹೇಳು? ನಡಿ, ಹಸಿವಾಗ್ತಿದೆ."

ಸಂಜೆ ಚಿಕ್ಕಮ್ಮ ಫೋನ್ ಮಾಡಿ, "ದೇವರು ಕೈ ಹಿಡಿದು ನಡೆಸ್ತಾನೆ ಬಿಡೇ" ಎಂದಳು. ಮೈ ಉರಿಯಿತು. ಹೌದು, ನಡೆಸುತ್ತಾನೆ, ನಾನು ನಡೆಸಿದ ಹಾಗೆಯೇ. ಅವನಿಗೂ ನಡುವೆ ಬೇರೇನೋ ಯೋಚನೆ ಬಂದಿರಬೇಕು.

ದೀಪ ಆರಿಸುವ ಮೊದಲು ದೇವರಿಗೆ ಇಷ್ಟು ಹೇಳಿದೆ: ಮೆಟ್ಟಿಲಿದೆ ಅಂತ ನೀನೂ ಹೇಳಲಿಲ್ಲ. ನಾನು ಕ್ಷಮಿಸಿಲ್ಲ, ಕ್ಷಮಿಸುತ್ತೇನೆ ಎಂಬ ಭರವಸೆಯೂ ಇಲ್ಲ. ಆದರೆ ಬೆಳಗಾದರೆ ಇಬ್ಬರೂ ನಡೆಯಬೇಕು. ಮೊಣಕೈ ಕೊಡು. ನನಗಾದರೂ ಇನ್ಯಾರಿದ್ದಾರೆ ಹೇಳು?

ಪಕ್ಕದ ಕೋಣೆಯಲ್ಲಿ ಅವನು ಗೋಡೆ ತಡವುತ್ತಿರುವ ಸದ್ದು. ನೀರು ಬೇಕೇನೋ, ನೋಡಿ ಬರುತ್ತೇನೆ.