ಒಂದೇ ಸಾಲಿನ ಎರಡು ದೀಪ

ಮನೆ,
ಭಾನುವಾರ ಮಧ್ಯಾಹ್ನ

ಮುನಿಸಿಕೊಂಡು ಅಣ್ಣನ ಮನೆ ಸೇರಿರುವ ಮೇಷ್ಟ್ರಿಗೆ,

ನಾನಿಲ್ಲಿ ಕ್ಷೇಮವೆಂದು ಬರೆದರೆ ನೀವು ಅಲ್ಲೇ ಕಾಲು ಚಾಚುತ್ತೀರಿ, ಕ್ಷೇಮವಿಲ್ಲವೆಂದರೆ ಮೀಸೆ ತಿರುವುತ್ತೀರಿ. ಆದ್ದರಿಂದ ಅದನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ನನ್ನ ಹೊಲಿಗೆ ಮೆಷಿನ್ನಿನ ದೀಪಕ್ಕೂ ನಿಮ್ಮ ಓದುವ ದೀಪಕ್ಕೂ ವೈರಿಂಗ್ ಮಾಡಿದವರು ನೀವೇ. ಎರಡೂ ಮಿಣುಕು ಮಿಣುಕು. ಮೊದಲು ಬಲ್ಬನ್ನು ಬೈದಿರಿ, ಆಮೇಲೆ ವಿದ್ಯುತ್ ಕಚೇರಿಯನ್ನು, ಕೊನೆಗೆ ನನ್ನ ಕಣ್ಣನ್ನು. ಆ ಬೆಳಕಿನಲ್ಲಿ ಬ್ಯಾಂಕ್ ಮ್ಯಾನೇಜರರ ಕೋಟಿಗೆ ಒಂದು ತೋಳು ಕಪ್ಪು, ಇನ್ನೊಂದು ಕಡುನೀಲಿ ಹೊಲಿದೆ. ಪುಣ್ಯಾತ್ಮರು ಅದನ್ನೇ ತೊಟ್ಟು ಮೀಟಿಂಗಿಗೆ ಹೋಗಿಬಂದರು. ವೈರಿಂಗ್ ಸರಿಯಿಲ್ಲ ಎಂದು ನಾನು ಹೇಳಿದ್ದಕ್ಕೆ, ವರ್ಷಗಟ್ಟಲೆ ಕರೆಂಟ್ ಪಾಠ ಮಾಡಿದೋನಿಗೇ ಹೇಳಿಕೊಡ್ತೀಯಾ, ನೀನು ತಪ್ಪಾಯ್ತು ಅನ್ನೋವರೆಗೂ ಈ ಹೊಸ್ತಿಲು ತುಳಿಯಲ್ಲ ಎಂದು ಬ್ಯಾಗ್ ಎತ್ತಿಕೊಂಡಿರಿ.

ನೀವು ಹೋದ ಮೇಲೆ ನಿಮ್ಮದೇ ಪಾಠಪುಸ್ತಕ ತೆಗೆದೆ. ವೋಲ್ಟೇಜ್ ಎಂದರೆ ಹಿಂದಿನಿಂದ ತಳ್ಳುವುದು, ಕರೆಂಟ್ ಎಂದರೆ ಹರಿಯುವುದು, ರೋಧ ಎಂದರೆ ಅಡ್ಡಗಾಲು. ತಳ್ಳುವುದು ಅಷ್ಟೇ ಇದ್ದು ಅಡ್ಡಗಾಲು ಎರಡರಷ್ಟಾದರೆ ಹರಿವು ಅರ್ಧಕ್ಕಿಳಿಯುತ್ತದೆ. ನನಗೆ ಥಟ್ಟನೆ ಅರ್ಥವಾಯಿತು. ಬೆಳಿಗ್ಗೆ ನಿಮ್ಮನ್ನು ಎಬ್ಬಿಸುವಾಗ ನಾನು ವೋಲ್ಟೇಜ್, ನೀವು ರೋಧ. ರಜೆಗೆ ಬಂದ ಮಗಳೂ ಮುಸುಕೆಳೆದರೆ ನನ್ನ ಕೂಗು ಅಷ್ಟೇ, ಅಡ್ಡಗಾಲು ಎರಡು. ಮನೆಗೆಲಸ ಅರ್ಧಕ್ಕೇ ನಿಲ್ಲುತ್ತದೆ.

ಒಂದರ ಹಿಂದೊಂದು ಜೋಡಿಸಿದ ಬಲ್ಬುಗಳ ಗತಿಯೂ ಇದೇ ಅಂತೆ. ಪುಸ್ತಕದ ಆ ಸಾಲಿಗೆ ನೀವೇ ಕೆಂಪು ಗೆರೆ ಎಳೆದು, ಪರೀಕ್ಷೆಗೆ ಬಂದೇ ಬರುತ್ತದೆ ಎಂದು ಬರೆದಿದ್ದೀರಿ! ಸ್ವಿಚ್ ಆರಿಸಿ ನಿಮ್ಮ ಬಲ್ಬು ಬಿಚ್ಚಿಟ್ಟು ಮತ್ತೆ ಸ್ವಿಚ್ ಒತ್ತಿದೆ. ನನ್ನದು ಹತ್ತಲೇ ಇಲ್ಲ. ಎರಡನ್ನೂ ನೀವು ಒಂದೇ ದಾರಕ್ಕೆ ಮಣಿಯಂತೆ ಪೋಣಿಸಿಬಿಟ್ಟಿದ್ದಿರಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಿನ್ನೆ ನಿಮ್ಮ ಶಾಲೆಯ ಲ್ಯಾಬಿನ ಮೇಷ್ಟ್ರನ್ನು ಕರೆಸಿದೆ. ಎರಡು ದೀಪಕ್ಕೂ ಬೇರೆ ಬೇರೆ ದಾರಿ ಮಾಡಿ, ಒಂದೊಂದಕ್ಕೂ ಪೂರ್ತಿ ವೋಲ್ಟೇಜ್ ಸಿಗುವಂತೆ ಜೋಡಿಸಿದರು. ಇದ್ಯಾರ ಕೈಚಳಕ ಅಕ್ಕಾ ಎಂದು ಕೇಳಿದರು. ಹಿಂದೆ ಬಾಡಿಗೆಗಿದ್ದವರದು ಎಂದುಬಿಟ್ಟೆ. ಈ ಮನೆ ಕಟ್ಟಿಸಿದವರು ನಾವೇ ಎಂಬುದು ಅವರಿಗೆ ಗೊತ್ತು. ಪಾಪ, ಕೆಮ್ಮು ಬಂದವರಂತೆ ಹೊರಗೆ ಹೋಗಿ ನಕ್ಕು ಬಂದರು.

ಅಂತೂ ನಿಮ್ಮ ಮಾನ ಉಳಿಸಿದ್ದೇನೆ. ಇನ್ನು ತಪ್ಪಾಯ್ತು ಎನ್ನುವ ಮಾತು ನನ್ನಿಂದ ಬರುವುದಿಲ್ಲ. ನಿಮ್ಮಿಂದಲೂ ಬೇಡ. ಬಂದರೆ ಸಾಕು.

ಇಂತಿ,
ಇನ್ನೂ ಸಿಟ್ಟಿನಲ್ಲೇ ಇರುವ
ನಿಮ್ಮ ಮನೆಯವಳು

ತಾ.ಕ.: ಹೊಸ ಬೆಳಕು ಬಲು ಚೆನ್ನಾಗಿದೆ. ನಿನ್ನೆ ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸಿದೆ. ತಲೆಯೆತ್ತಿದರೆ ಎದುರಿಗಿದ್ದ ನಿಮ್ಮ ಖಾಲಿ ಕುರ್ಚಿಯೂ ಅಷ್ಟೇ ಚೆನ್ನಾಗಿ ಕಂಡಿತು. ಆಗಲೇ ನನ್ನ ದೀಪ ಆರಿಸಿದೆ, ಮತ್ತೆ ಹಾಕಿಲ್ಲ.